ಎರ್ಬಿ ಹೆಂಗೈತಿ?

"ಬಾಗಿಲಾ ಹಾಕ್ಕೊಂಡು ಮಾತಾಡ್ರಿ," ಎಂದಳು ಹುಲಿಗೆಮ್ಮ, ತಲೆ ಎತ್ತದೆ.

"ಹಾಕ್ಕೊಂಡ್ರ ಉಸಿರು ಕಟ್ಟತೈತ್ರಿ," ಎಂದ ಫೋನ್ ಕ್ಯಾಬಿನ್ನಿನೊಳಗಿದ್ದವನು, ರಿಸೀವರ್ ಹಿಡಿದು ನಗುತ್ತಾ.

ಹುಲಿಗೆಮ್ಮ ತಲೆ ಎತ್ತಿದಳು. ಎತ್ತಿದ ತಲೆ ಇಳಿಸುವುದನ್ನೇ ಮರೆತಳು...

1993ರ ಬೇಸಿಗೆ. ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರು ಲಾಲ್‌ಬೀಯ ಎಸ್‌ಟಿಡಿ ಬೂತಿನಲ್ಲಿ ಅವಳಿಗೆ ಕೆಲಸ. ಅವನು ತುರ್ವಿಹಾಳದ ಗ್ಯಾನಪ್ಪ. ಮುಂಬೈಯ ಲ್ಯಾಬೊಂದರಲ್ಲಿ ಅಯಸ್ಕಾಂತದ ಬಗ್ಗೆ ಸಂಶೋಧನೆ ಮಾಡುತ್ತಿದ್ದವನು, ಅಪ್ಪ ಕಾಲು ಮುರಿದುಕೊಂಡದ್ದಕ್ಕೆ ಊರಿಗೆ ಬಂದಿದ್ದ.

ಪ್ರತಿ ಸೋಮವಾರ ಲ್ಯಾಬಿನ ಧಾರವಾಡದ ಗೆಳೆಯನಿಗೆ ಫೋನ್ ಮಾಡುವುದು, ಆಮೇಲೆ ಕೌಂಟರಿನ ಮುಂದೆ ತಾಸುಗಟ್ಟಲೆ ಹರಟೆ. ಸೋಮವಾರ ಬಂತೆಂದರೆ ಹುಲಿಗೆಮ್ಮನ ಜಡೆಗೆ ಮಲ್ಲಿಗೆ! ಲಾಲ್‌ಬೀ ನೋಡಿಯೂ ನೋಡದಂತಿದ್ದಳು.

ನಾಲ್ಕನೆಯ ಸೋಮವಾರ ಆ ಮಾತು ಕಿವಿಗೆ ಬಿತ್ತು.

"ಎರ್ಬಿ ಹೆಂಗೈತಿ? ತಣ್ಣಗ ಇಟ್ಟೀಯಿಲ್ಲ? ಅದಕ್ಕ ಬಿಸಿ ಆಗಿ ಬರಾಂಗಿಲ್ಲ. ನಾ ಬರೋತನಕ ಛಲೋ ನೋಡ್ಕೋಪಾ."

ಎರ್‌ಬೀ! ಲಾಲ್‌ಬೀ, ಖಾಸಿಂಬೀ ಇದ್ದ ಹಾಗೆ ಯಾವಳೋ ಎರ್‌ಬೀ... ಅದರಲ್ಲೂ 'ಅದಕ್ಕ' ಅಂದನಲ್ಲ? ನಮ್ಮ ಕಡೆ ಹಾಗನ್ನುವುದು ದನಕ್ಕೆ, ಇಲ್ಲವೇ ಮನೆಯ ಹೆಣ್ಣಿಗೆ. ಮುಂಬೈಯಲ್ಲಿ ದನವನ್ನು ಯಾರು ತಣ್ಣಗೆ ಇಡುತ್ತಾರೆ?

ಹುಲಿಗೆಮ್ಮನ ಹೊಟ್ಟೆಗೆ ಕಿಚ್ಚು ಹತ್ತಿತು. 'ಅಲ್ಲೊಬ್ಬಳನ್ನು ಫ್ಯಾನಿನ ಕೆಳಗೆ ಕೂರಿಸಿ, ಇಲ್ಲಿ ನನ್ನ ಮುಂದೆ ಹಲ್ಲು ಕಿರಿಯುತ್ತಾನೆ...' ವಿಚಾರಿಸಿದರೆ, ಇಂಥ ಹೆಸರು ತಾನು ಕೇಳಿಯೇ ಇಲ್ಲವೆಂದು ಲಾಲ್‌ಬೀ ಹೇಳಿದಳು. ಮುಂಬೈಯವಳಿರಬೇಕು ಎಂದುಕೊಂಡು ಇವಳು ಇನ್ನಷ್ಟು ಉರಿದಳು.

ಮುಂದಿನ ಎರಡು ಸೋಮವಾರ ಕೌಂಟರಿನ ಕೆಳಗಿನ ವೈರು ಕಿತ್ತಿಟ್ಟು, ಲೈನ್ ಇಲ್ಲ ಎಂದಳು. ಅವನು ಪೆಚ್ಚುಮೋರೆ ಹಾಕಿಕೊಂಡು ಹೋದ. ಅವಳಿಗೇನೂ ಸಮಾಧಾನವಾಗಲಿಲ್ಲ.

ಅದರ ಮುಂದಿನ ಸೋಮವಾರ ಗ್ಯಾನಪ್ಪ ಟೆಲಿಗ್ರಾಂ ಹಿಡಿದು ಬಂದ. ಲ್ಯಾಬಿನ ದೊಡ್ಡ ಯಂತ್ರದಲ್ಲಿ ಅವನ ಪಾಳಿ ಬಂದಿತ್ತು. ಬರುತ್ತೇನೆಂದು ಇವತ್ತೇ ತಿಳಿಸದಿದ್ದರೆ ಅದು ಬೇರೆಯವರ ಪಾಲು.

"ಇವತ್ತರ ಲೈನ್ ಐತೇನ್ರಿ? ಎರಡು ವರ್ಷದ ಕೆಲಸ ಮಣ್ಣುಪಾಲು ಆಗತೈತಿ."

"ಹೋಗ್ರಿ, ನಿಮ್ಮ ಎರ್‌ಬೀ ಕಾಯಾಕತ್ತಾಳ." ಹುಲಿಗೆಮ್ಮ ರಸೀದಿ ಪುಸ್ತಕ ಪಟ್ಟನೆ ಮುಚ್ಚಿದಳು.

ಗ್ಯಾನಪ್ಪ ಕಣ್ಣು ಬಿಟ್ಟ. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತ.

"ಎರ್ಬಿಯಂ... ಅದೊಂದು ಲೋಹ, ಹುಲಿಗೆಮ್ಮ." 'ರೀ' ಎಲ್ಲೋ ಬಿದ್ದುಹೋಗಿತ್ತು.

ನೆಲದಲ್ಲಿ ಸಿಗುವ ಒಂದು ವಿರಳ ಲೋಹ. ಅದರೊಳಗೆ ಕಣ್ಣಿಗೆ ಕಾಣದ ಅಯಸ್ಕಾಂತದ ಮುಳ್ಳುಗಳು. ಬಹಳ ತಣ್ಣಗಿದ್ದಾಗ ಮಾತ್ರ ಸಾಲು ಹಿಡಿಯುತ್ತವೆ. ಆಗ ಒಂದು ಮುಳ್ಳು ಅಲುಗಿದರೆ ಪಕ್ಕದ್ದು, ಅದರ ಪಕ್ಕದ್ದು... ಗಾಳಿಗೆ ಭತ್ತದ ಗದ್ದೆ ತೂಗಿದ ಹಾಗೆ ಅಲೆ ಎದ್ದು ಓಡುತ್ತದೆ. ಅವನು ಅಳೆಯಬೇಕಿದ್ದದ್ದು ಆ ಅಲೆಯನ್ನು.

"ಬಿಸಿ ಆದ್ರ?" ಅವಳು ಮೆಲ್ಲಗೆ ಕೇಳಿದಳು.

"ಸಾಲು ಕೆಡತೈತಿ. ಯಾವ ಮುಳ್ಳು ಯಾವ ಕಡೆ ನೋಡತೈತೋ ಅದಕ್ಕ ಗೊತ್ತಿರಾಂಗಿಲ್ಲ."

ಹುಲಿಗೆಮ್ಮ ಬಗ್ಗಿ ವೈರು ಸಿಕ್ಕಿಸಿದಳು.

"ನಾನ ಕಿತ್ತಿದ್ದೆ. ಎರಡು ವಾರ. ಹೊಟ್ಟಿಕಿಚ್ಚಿಗೆ ನಂದೂ ಸಾಲು ಕೆಟ್ಟಿತ್ತು."

ಅವನು ಬೆಂಚಿನಿಂದ ಎದ್ದ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಫೋನ್ ಮಾಡಿದ. ಮುಚ್ಚಿದ ಆ ಬಾಗಿಲು ನೋಡಿ ಅವಳ ಎದೆ ಒಡೆಯಿತು. ಎಲ್ಲಾ ಮುಗಿಯಿತು!

ಹೊರಗೆ ಬಂದವನು ಪಾಳಿ ಉಳಿಯಿತೆಂದ. ನಾಳೆಯೇ ಹೊರಡಬೇಕಂತೆ. ಅವಳು ತಲೆ ತಗ್ಗಿಸಿಯೇ ಕೇಳಿದಳು:

"ಬಸ್‌ಸ್ಟ್ಯಾಂಡ್ ತುಂಬ ಬೂತ್ ಅದಾವ. ಲೈನ್ ಇಲ್ಲಂದಾಗ ಅಲ್ಲಿಗ್ಯಾಕ ಹೋಗಲಿಲ್ಲ?"

"ಅಲ್ಲಿ ನೀ ಇರಾಂಗಿಲ್ಲಲ್ಲ."

ಮುಂದಿನ ಸೋಮವಾರ ಬೂತಿನ ಫೋನ್ ಬಡಿದುಕೊಂಡಿತು. ಎತ್ತಿದ ಲಾಲ್‌ಬೀ, ಮುಂಬೈ ಎಂದಷ್ಟೇ ಹೇಳಿ ರಿಸೀವರ್ ಕೊಟ್ಟು, ಯಾಕೋ ಹೊರಗೆ ಹೋದಳು.

ಹುಲಿಗೆಮ್ಮ ಕ್ಯಾಬಿನ್ನಿನತ್ತ ಮುಖ ತಿರುಗಿಸಿ ನಿಂತು ಕೇಳಿದಳು:

"ಎರ್ಬಿ ಹೆಂಗೈತಿ?"

"ತಣ್ಣಗೈತಿ. ನೀ?"

"ನಾನೂ ತಣ್ಣಗದೀನಿ... ಲಗೂನ ಬಾ."