ಮೊದಲ ದಿನದ ಲೋಟ

ಹುಡುಗಿ ಬಿದ್ದಾಗ ಸಂಜೆ ಐದೂಕಾಲು. ಲೋಟ ಅವಳ ಕೈಯಿಂದ ಜಾರಿ ಉರುಳುತ್ತಾ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು. ನೀಲಿ ಲೋಟ, ನನ್ನ ತಮ್ಮನದು.

ತಮ್ಮ ಪೊಲೀಸ್ ಇನ್ಸ್‌ಪೆಕ್ಟರ್. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಠಾಣೆಯ ಹಿಂದಿನ ಹಳೆಯ ಗೋದಾಮಿನ ಮಹಡಿಯಲ್ಲಿ ನಾವಿಬ್ಬರು ವಾಸ. ಕೆಳಗೆ ಅವನು ಇಪ್ಪತ್ತು ವರ್ಷಗಳಿಂದ ನಡೆಸಿಕೊಂಡು ಬಂದ ಮಕ್ಕಳ ಕ್ಲಬ್ಬು. ದಾರಿ ತಪ್ಪಿದವರು, ತಪ್ಪಲಿದ್ದವರು, ಸುಮ್ಮನೆ ಮನೆಗೆ ಹೋಗಲು ಹೆದರುವವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಅವನನ್ನು ದೊಡ್ಡಪ್ಪ ಎನ್ನುತ್ತಿದ್ದರು, ನನ್ನನ್ನು ಅಜ್ಜಿ. ಅವನಿಗಿಂತ ನಾನು ಏಳೇ ವರ್ಷ ದೊಡ್ಡವಳು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕ್ಲಬ್ಬಿನಲ್ಲಿ ಪ್ರತಿಯೊಬ್ಬರಿಗೂ ತಾವೇ ಬಣ್ಣ ಬಳಿದ ಒಂದು ಲೋಟ. ಹಿಂಬಾಗಿಲ ಪಕ್ಕದ ಹಲಗೆಯ ಮೇಲೆ ಎಲ್ಲವೂ ಸಾಲಾಗಿ ನಿಂತಿರುತ್ತಿದ್ದವು. ಹೊಸಬರಿಗೆ ಮೊದಲ ದಿನ ತಮ್ಮ ತನ್ನ ಲೋಟವನ್ನೇ ಕೊಡುತ್ತಿದ್ದ. ಅಂದು ಅವನಿಗೆ ಚಹಾ ಇಲ್ಲ. ಈ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಸ್ಪತ್ರೆಯಿಂದ ಡಾಕ್ಟರ ಫೋನು ಬಂತು. ವಿಷ. ಪೂರ್ತಿ ಲೋಟ ಕುಡಿದಿದ್ದರೆ ಆಂಬುಲೆನ್ಸೇ ಬೇಕಿರಲಿಲ್ಲ ಎಂದರಂತೆ. ಕೆಟಲಿನ ಚಹಾ ಕುಡಿದ ಉಳಿದವರೆಲ್ಲ ನೆಟ್ಟಗಿದ್ದರು. ಹಾಗಾದರೆ ವಿಷ ಇದ್ದದ್ದು ಆ ಲೋಟದ ತಳದಲ್ಲಿ.

ಲೋಟ ತೊಳೆದು ಜೋಡಿಸಿದವನು ಲಂಬು. ಹದಿನೇಳರ ಹುಡುಗ, ಇದೇ ಕೊನೆಯ ಅವಕಾಶ ಎಂದು ನ್ಯಾಯಾಧೀಶರು ಅವನಿಗೆ ಬಾಯಿಬಿಟ್ಟು ಹೇಳಿದ್ದರು. ಠಾಣೆಯಿಂದ ಬಂದ ಸಬ್ ಇನ್ಸ್‌ಪೆಕ್ಟರು ಅವನ ತೋಳು ಹಿಡಿದೇಬಿಟ್ಟರು. ಒಮ್ಮೆ ಜೀಪು ಹತ್ತಿಸಿದರೆ ಅವನು ಮತ್ತೆ ಈ ಬಾಗಿಲಿಗೆ ಬರುವಂತಿರಲಿಲ್ಲ. ಲಂಬು ಅಳಲಿಲ್ಲ. ತನ್ನ ಲೋಟವನ್ನು ಬಿಸಾಡಬೇಡಿ ಎಂದಷ್ಟೇ ನನಗೆ ಹೇಳಿದ.

ತಮ್ಮ ಒಂದು ಗಂಟೆ ಸಮಯ ಕೇಳಿದ. ಆಮೇಲೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, "ಅಕ್ಕಾ, ಮಧ್ಯಾಹ್ನದಿಂದ ನೋಡಿದ್ದೆಲ್ಲ ಹೇಳು. ಸಣ್ಣದು ಅಂತ ಬಿಡ್ಬೇಡ" ಎಂದ.

ನಾನು ಹೇಳಿದೆ. ಮೂರು ಗಂಟೆಗೆ ಅವನೇ ಆ ಹುಡುಗಿಯನ್ನು ಠಾಣೆಯಿಂದ ಕರೆತಂದ. ಯಾರಿಗೂ ಮುನ್ಸೂಚನೆ ಇರಲಿಲ್ಲ. ಅವಳು ಲಂಬು ಜೊತೆ ನಿಂತು ಲೋಟ ಒರೆಸಿದಳು. ನೀಲಿ ಲೋಟವನ್ನಂತೂ ತಳ ಕಾಣುವಂತೆ ಎರಡು ಸಲ ಉಜ್ಜಿ ಹಲಗೆಗೆ ಇಟ್ಟಳು. ಬೆಳಗ್ಗೆ ತಮ್ಮನ ಜೊತೆ ಜಗಳವಾಡಿದ್ದ ಬಾಕ್ಸಿಂಗ್ ಕೋಚು, "ಹೊಸ ಸೊಳ್ಳೆ ಬಂತು ನೋಡಿ" ಎಂದು ಅವಳನ್ನು ರೇಗಿಸುತ್ತಾ ಅಲ್ಲೇ ಇದ್ದ. ಐದಕ್ಕೆ ಸ್ವಲ್ಪ ಮೊದಲು, ಮಕ್ಕಳಿಗೆ ಮರಗೆಲಸ ಕಲಿಸುವ ಬಡಗಿ ಮೇಷ್ಟ್ರು ಹಿಂಬಾಗಿಲಿಂದ ಬಂದು ನೇರವಾಗಿ ಮರಗೆಲಸದ ಕೋಣೆಗೆ ಹೋದರು. ವ್ಯಾನು ರಿಪೇರಿಗೆ ಬಿಟ್ಟು ವಾರವಾಗಿತ್ತು, ಪಾಪ, ನಡೆದೇ ಬರುತ್ತಿದ್ದರು.

"ಚಹಾ ಹೊತ್ತಲ್ಲಿ?"

"ಲಂಬು ಚಹಾ ತುಂಬಿ ತಂದ, ನೀನು ಲೋಟ ಅವಳ ಕೈಗೆ ಕೊಟ್ಟೆ. ಮೇಷ್ಟ್ರು ಎಡವಿ ಅವಳಿಗೆ ಡಿಕ್ಕಿ ಹೊಡೆದ್ರು, ಮುಕ್ಕಾಲು ಚಹಾ ನೆಲಕ್ಕೆ. ಪಾಪ, ತಮ್ಮ ಕೈಲಿದ್ದ ತುಂಬಿದ ಲೋಟಾನೇ ಅವಳಿಗೆ ಕೊಡೋಕೆ ಹೋದ್ರು. ಅವಳು ಒಪ್ಪಲಿಲ್ಲ. 'ಇದು ದೊಡ್ಡಪ್ಪನ ಲೋಟ, ಬಿಡಲ್ಲ' ಅಂತ ಉಳಿದಿದ್ದು ಕುಡಿದ್ಲು."

ತಮ್ಮ ಆ ಭಾಗವನ್ನು ನನ್ನಿಂದ ಮತ್ತೊಮ್ಮೆ ಹೇಳಿಸಿದ. ನಾನು ಮೆಚ್ಚಿ ಹೇಳಿದ ಮಾತಿನಲ್ಲಿ ಏನೋ ಇತ್ತು.

ಏಳಕ್ಕೆ ಎಲ್ಲರೂ ದೊಡ್ಡ ಮೇಜಿನ ಸುತ್ತ ಕೂತೆವು. ಬಾಗಿಲಲ್ಲಿ ಸಬ್ ಇನ್ಸ್‌ಪೆಕ್ಟರು. ತಮ್ಮ ನೀಲಿ ಲೋಟವನ್ನು ನಡುವೆ ಇಟ್ಟ.

"ವಿಷ ಹುಡುಗಿಗಲ್ಲ. ಅವಳು ಯಾರು ಅಂತ ಮಧ್ಯಾಹ್ನದ ತನಕ ನನಗೇ ಗೊತ್ತಿರಲಿಲ್ಲ. ಅದು ನನಗೆ. ಆದ್ರೆ ಹೊಸಬಳು ಬಂದಿದ್ದಾಳೆ ಅಂತ ಗೊತ್ತಿರೋರು ಇವತ್ತು ನನ್ನ ಲೋಟಕ್ಕೆ ವಿಷ ಹಾಕಲ್ಲ, ಅದು ಅವಳ ಕೈಗೇ ಹೋಗುತ್ತೆ. ಲಂಬು ಅವಳ ಪಕ್ಕದಲ್ಲೇ ನಿಂತು ಲೋಟ ತೊಳೆದ. ಕೋಚು ಅವಳಿಗೆ ಅಡ್ಡಹೆಸರೂ ಇಟ್ಟಾಯ್ತು."

ಅವನ ದನಿ ಏರಲೇ ಇಲ್ಲ. ಅವಳು ಲೋಟ ಒರೆಸಿಟ್ಟ ಮೇಲೆ, ಅವಳನ್ನು ನೋಡದೆ ಆ ಹಲಗೆ ದಾಟಿದವರು ಒಬ್ಬರೇ ಎಂದ. ಕಳೆದ ವಾರ ಅಡ್ಡರಸ್ತೆಯಲ್ಲಿ ಬೀದಿ ಗುಡಿಸುವ ಹೆಂಗಸಿಗೆ ಗುದ್ದಿ ನಿಲ್ಲಿಸದೆ ಹೋದ ವ್ಯಾನು ಯಾರದೆಂದು ತನಗೆ ನಿನ್ನೆ ತಿಳಿಯಿತು ಎಂದ. ನಾಳೆ ಬೆಳಗ್ಗೆಯೊಳಗೆ ನೀವೇ ಠಾಣೆಗೆ ಬಂದು ಹೇಳಿ, ಅಲ್ಲಿಯ ತನಕ ನಾನು ಯಾರಿಗೂ ಹೇಳುವುದಿಲ್ಲ ಎಂದು ಅಂದು ಬೆಳಗ್ಗೆ ಆ ಮನುಷ್ಯನಿಗೆ ಮಾತು ಕೊಟ್ಟಿದ್ದನಂತೆ. ಆ ಹೆಂಗಸು ಬದುಕಿರಲಿಲ್ಲ.

ಯಾರೂ ಬಡಗಿ ಮೇಷ್ಟ್ರ ಕಡೆ ತಿರುಗಲಿಲ್ಲ. ತಿರುಗುವ ಧೈರ್ಯ ಇರಲಿಲ್ಲ.

"ಮೇಷ್ಟ್ರೇ, ಎಡವಿದವನ ಕೈಲಿದ್ದ ಲೋಟ ಮೊದಲು ಚೆಲ್ಲುತ್ತೆ. ನಿಮ್ಮದು ತುಂಬಿತ್ತು. ನೀವು ಎಡವಲಿಲ್ಲ, ಬೇಕಂತ ತಳ್ಳಿದ್ರಿ. ಆ ಹೊತ್ತಲ್ಲಿ ಆ ಲೋಟ ಕುಡಿಯೋ ಹಾಗಿಲ್ಲ ಅಂತ ಗೊತ್ತಿದ್ದೋರು ಈ ಮನೇಲಿ ಒಬ್ರೇ."

ಮೇಷ್ಟ್ರು ತಮ್ಮ ಒರಟು ಅಂಗೈಗಳನ್ನು ಮೇಜಿನ ಮೇಲೆ ಹರಡಿ ನೋಡಿಕೊಂಡರು. ಆ ಮೇಜನ್ನು ಮಾಡಿದ್ದು ಅವರೇ.

"ಹುಡುಗಿ ಉಳೀತಾಳಾ?" ಎಂದರು.

"ಉಳೀತಾಳೆ. ನೀವು ಚೆಲ್ಲಿದ್ದಕ್ಕೆ."

"ವಿಷ ಇದೆ ಅಂತ ಕೂಗಬಹುದಿತ್ತು. ಬಾಯಿ ತನಕ ಬಂತು, ಸಾಹೇಬ್ರೇ."

"ನಿಮಗೆ ಒಂದು ದಿನ ಕೊಟ್ಟಿದ್ದು ನಾನು," ಎಂದ ತಮ್ಮ. ಸಬ್ ಇನ್ಸ್‌ಪೆಕ್ಟರು ಕೈಕೋಳ ತೆಗೆದರು. ಮಕ್ಕಳ ಮುಂದೆ ಬೇಡ ಎಂದು ತಮ್ಮ ತಡೆದು, ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು ತಾನೇ ಜೀಪಿನ ತನಕ ನಡೆಸಿಕೊಂಡು ಹೋದ. ಲಂಬು ಇನ್ನೂ ಗೋಡೆಗೆ ಬೆನ್ನು ಒತ್ತಿಕೊಂಡೇ ಇದ್ದ. ಇನ್ನು ಕೂತುಕೋ ಎಂದು ನಾನು ಎರಡು ಸಲ ಹೇಳಬೇಕಾಯಿತು.

ಆ ನೀಲಿ ಲೋಟ ಸಾಕ್ಷಿಯಾಗಿ ಕೋರ್ಟು ಸೇರಿತು. ತಿಂಗಳಾದ ಮೇಲೆ ಹುಡುಗಿ ಇನ್ನೊಂದಕ್ಕೆ ನೀಲಿ ಬಳಿದು ತಮ್ಮನಿಗೆ ತಂದುಕೊಟ್ಟಳು. ಹೊಸಬರು ಬಂದ ದಿನ ಅವನು ಈಗಲೂ ತನ್ನ ಲೋಟವನ್ನೇ ಕೊಡುತ್ತಾನೆ. ಕೊಡುವ ಮೊದಲು ನಾನು ಮಾತ್ರ, ಯಾರೂ ನೋಡದಿದ್ದಾಗ, ಅದನ್ನು ಮತ್ತೊಮ್ಮೆ ತೊಳೆಯುತ್ತೇನೆ.