ಹೊಸ ತಂತಿ ಹಿಗ್ಗುವ ದಿನಗಳು

"ಒಂದು ತಂತಿ ಕತ್ತರಿಸ್ಬೇಕಿತ್ತು," ಎಂದರು ಮೇಲಿನ ಮನೆಯ ಈಜು ಮೇಷ್ಟ್ರು.

ಬಾಗಿಲು ತೆರೆದಿದ್ದ ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾಕಪ್ಪ, ನಮ್ಮ ತಂತಿ ನಿಮಗೇನು ಮಾಡಿದ್ಲು?"

ಒಳಗೆ ತಲೆ ಒರೆಸಿಕೊಳ್ಳುತ್ತಿದ್ದ ಮಗಳು ಟವೆಲ್ಲಿನಲ್ಲೇ ಮುಖ ಮುಚ್ಚಿಕೊಂಡಳು. ಚಿಕ್ಕವಳಿದ್ದಾಗ ಊದಿದರೆ ಹಾರಿಹೋಗುವ ಹಾಗಿದ್ದಳೆಂದು ಸೋದರಮಾವ ಇಟ್ಟ ಅಡ್ಡಹೆಸರು 'ತಂತಿ'. ಮೂವತ್ತು ದಾಟಿ ಮೈ ಒಂದಿಷ್ಟು ತುಂಬಿಕೊಂಡರೂ ಹೆಸರು ಮಾತ್ರ ಬಿಟ್ಟಿರಲಿಲ್ಲ. ಮನೆಯ ಹೆಸರು ಮನೆಯೊಳಗೇ ಇರಲಿ ಎಂದು ಅಮ್ಮನಿಗೆ ಎಷ್ಟು ಸಲ ಹೇಳಿದ್ದಳೋ. ಅದೂ ಹೋಗಿ ಹೋಗಿ ಇವರ ಮುಂದೆ!

"ಅಯ್ಯೋ, ಗಿಟಾರ್ ತಂತಿ ಅಮ್ಮಾ!" ಮೇಷ್ಟ್ರು ತಡಬಡಾಯಿಸಿದರು. "ನಿಮ್ಮ ಮಗಳು ಹಲ್ಲಿನ ಲ್ಯಾಬಲ್ಲಿ ಕೆಲಸ ಮಾಡ್ತಾರಲ್ಲ, ಅವರ ಹತ್ರ ಕಟರ್ ಇರುತ್ತೇನೋ ಅಂತ..."

ಇಲ್ಲದೆ ಏನು? ಕಟ್ಟುಹಲ್ಲು ಮಾಡುವುದು, ಅಡ್ಡಾದಿಡ್ಡಿ ಹಲ್ಲುಗಳನ್ನು ಸಾಲಿಗೆ ತರುವ ತಂತಿ ಬಗ್ಗಿಸುವುದು ಅವಳ ಕೆಲಸ. ಬ್ಯಾಗಿನಿಂದ ಕಟರ್ ತೆಗೆದು, ಒದ್ದೆ ಕೂದಲನ್ನು ಹೇಗೋ ಸುತ್ತಿ ಕಟ್ಟಿ ಅವಳು ಹೊರಗೆ ಬಂದಳು. ಮೇಷ್ಟ್ರು ಆ ಕೂದಲನ್ನು ನೋಡಿದರು. ನೋಡಿದ್ದು ತಪ್ಪಾಯಿತೆನ್ನುವ ಹಾಗೆ ತಕ್ಷಣ ನೆಲ ನೋಡಿದರು.

ಅವರು ಮೇಲಿನ ಮನೆಗೆ ಬಾಡಿಗೆಗೆ ಬಂದಾಗಿನಿಂದ ಅವಳ ಕಿವಿ ಮೆಟ್ಟಿಲ ಮೇಲೇ ಇರುತ್ತಿತ್ತು. ಬೆಳಿಗ್ಗೆ ದಡದಡ ಇಳಿಯುವ ಹೆಜ್ಜೆ, ಸಂಜೆ ದಣಿದು ಹತ್ತುವ ಹೆಜ್ಜೆ. ಅವರು ಹೋದ ಮೇಲೂ ಮೆಟ್ಟಿಲಿನಲ್ಲಿ ಉಳಿಯುವ ಈಜುಕೊಳದ ಕ್ಲೋರಿನ್ ವಾಸನೆ. ಅವರು ಇಳಿಯುವ ಹೊತ್ತಿಗೆ ಸರಿಯಾಗಿ ಅವಳು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುತ್ತಿದ್ದಳು. "ಗುಡ್ ಮಾರ್ನಿಂಗ್." "ಹ್ಞಾಂ, ಗುಡ್ ಮಾರ್ನಿಂಗ್." ಇಷ್ಟು ದಿನದ ಒಲವಿನ ಆಸ್ತಿಯೆಲ್ಲ ಅಷ್ಟೇ.

"ಕೊಟ್ಟಿರಿ, ಆಮೇಲೆ ತಂದುಕೊಡ್ತೀನಿ," ಎಂದು ಮೇಷ್ಟ್ರು ಕೈ ಚಾಚಿದರು.

"ಕೊಡೋಕಾಗಲ್ಲ. ತುಂಬಾ ನಾಜೂಕಿನ ವಸ್ತು. ನಾನೇ ಬಂದು ಕತ್ತರಿಸಿಕೊಡ್ತೀನಿ."

ಬೇಲಿಯ ಮುಳ್ಳುತಂತಿಯನ್ನೂ ಕಡಿಯಬಲ್ಲ ಕಟರ್ ಅದು. ಅಮ್ಮನಿಗೆ ಗೊತ್ತಿತ್ತು. "ಮೇಲೆ ಬಾಗಿಲು ತೆಗೆದೇ ಇಟ್ಟಿರಿ, ಸೆಖೆ," ಎಂದರು. ಅಂದು ಯಾರಿಗೂ ಸೆಖೆ ಇರಲಿಲ್ಲ.

ಗಿಟಾರನ್ನು ಮಂಚದ ಮೇಲೆ, ಟವೆಲ್ ಹಾಸಿ, ರೋಗಿಯ ಹಾಗೆ ಮಲಗಿಸಿದ್ದರು. ಒಂದು ತಂತಿ ಹರಿದು ಸುರುಳಿಯಾಗಿತ್ತು. ಉಳಿದವು ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿದ್ದವು. ಕಿಟಕಿಯ ಸರಳಿಗೆ ಈಜುಗನ್ನಡಕ ನೇತುಬಿದ್ದಿತ್ತು, ಮೇಜಿನ ಮೇಲೆ ಸೀಟಿ. ಇಷ್ಟು ದಿನ ಕಲ್ಪಿಸಿಕೊಂಡ ಕೋಣೆಗಿಂತ ಇದು ಚಿಕ್ಕದು, ಚೊಕ್ಕಟವಾದದ್ದು.

"ಮುಂಚೆ ತಂತಿ ಬದಲಾಯಿಸಿದೀರಾ?" ಎಂದು ಕೇಳಿದಳು.

"ಇದೇ ಮೊದಲು. ನೀವು?"

"ನಾನು ಗಿಟಾರ್ ಮುಟ್ತಿರೋದೇ ಮೊದಲು."

"ಸರಿ ಹೋಯ್ತು. ಇಬ್ಬರೂ ಸೇರಿ ಕೆಡಿಸೋಣ ಹಾಗಾದ್ರೆ." ಮೇಷ್ಟ್ರು ನಕ್ಕರು. ಎಡಗಡೆಯ ಕೋರೆಹಲ್ಲು ಚೂರು ಓರೆ. ವೃತ್ತಿಯ ಕಣ್ಣಿಗೆ ಅದು ತಿದ್ದಬೇಕಾದ ಹಲ್ಲು. ಅವಳಿಗೆ ಮಾತ್ರ ಯಾರೂ ಮುಟ್ಟದಿರಲಿ ಅನ್ನಿಸಿತು.

ಫೋನಿನಲ್ಲಿ ವಿಡಿಯೋ ಹಾಕಿಕೊಂಡರು. ಮೊದಲು ಬಿರಡೆ ತಿರುಗಿಸಿ ತಂತಿ ಸಡಿಲಿಸಬೇಕು. ಆಮೇಲೆ ಕತ್ತರಿಸಿ, ಕೆಳಗೆ ತಂತಿಯನ್ನು ಹಿಡಿದಿಟ್ಟ ಗೂಟ ಕಿತ್ತು, ಹೊರಗೆಳೆಯಬೇಕು. ಸಡಿಲಿಸಿದ್ದಾಯಿತು. ಅವಳು ಕಟರಿನ ಬಾಯಿಗೆ ತಂತಿ ಕೊಟ್ಟು "ಕತ್ತರಿಸಲಾ?" ಎಂದಾಗ ಮೇಷ್ಟ್ರ ಕೈ ಅಡ್ಡ ಬಂತು.

"ಒಂದ್ನಿಮಿಷ." ಆ ತುಕ್ಕುತಂತಿಯ ಮೇಲೆ ಬೆರಳಾಡಿಸಿದರು. "ಇದು ನನ್ನದಲ್ಲ. ನನ್ನ ಹೆಂಡತೀದು. ಅಂದ್ರೆ... ಹೆಂಡತಿಯಾಗಿದ್ದೋಳದು."

ಅವಳು ಕಟರ್ ಹಿಂದಕ್ಕೆ ತೆಗೆದುಕೊಂಡಳು.

"ಬೇರೆಯಾಗಿ ವರ್ಷಗಳಾದವು. ಮೊನ್ನೆ ಫೋನ್ ಮಾಡಿದ್ಲು, ಬರೋ ಭಾನುವಾರ ಈ ಕಡೆ ಬರ್ತಾಳಂತೆ. ಗಿಟಾರ್ ಇದೆಯಾ ಅಂದ್ಲು. ಇದೆ, ಮಗು ಥರ ನೋಡ್ಕೊಂಡಿದೀನಿ ಅಂದುಬಿಟ್ಟೆ. ಬೀರು ಮೇಲಿಂದ ಇಳಿಸಿ ನೋಡಿದ್ರೆ ಮಗುವಿನ ಗತಿ ಹೀಗಿದೆ." ನಗಲು ಹೋದರು, ನಗು ಅರ್ಧಕ್ಕೇ ನಿಂತಿತು. "ಕತ್ತರಿಸಿ."

ಟಣ್. ಒಂದೊಂದೇ ತಂತಿ ಬಿತ್ತು. ಅವರು ಒಂದನ್ನೂ ಕಸಕ್ಕೆ ಎಸೆಯಲಿಲ್ಲ, ಉಂಗುರದ ಹಾಗೆ ಸುತ್ತಿ ಪಕ್ಕಕ್ಕಿಟ್ಟರು. ಅವಳು ಅದನ್ನು ನೋಡಿದಳು. ಮನಸ್ಸಿನಿಂದ ಇಳಿದುಹೋದವಳ ವಸ್ತುವಿಗೆ ಯಾರೂ ಇಷ್ಟು ಮುತುವರ್ಜಿ ವಹಿಸುವುದಿಲ್ಲ. ಬಂದ ಕೆಲಸ ಮುಗಿಸಿ ಎದ್ದುಹೋಗು ಎಂದು ತನಗೇ ಹೇಳಿಕೊಂಡಳು.

ಹೊಸ ತಂತಿ ಹಾಕುವುದು ಒಬ್ಬರ ಕೈಯ ಕೆಲಸವಾಗಿರಲಿಲ್ಲ, ಅಥವಾ ಅವರಿಬ್ಬರೂ ಹಾಗೆ ಮಾಡಿಕೊಂಡರು. ಅವರು ತಂತಿಯನ್ನು ಬಿಗಿಹಿಡಿಯುವುದು, ಅವಳು ಬಿರಡೆ ತಿರುಗಿಸುವುದು. ಸುತ್ತು ಮೇಲೇರಿದಂತೆ ಅವರ ಬೆರಳು ಸರಿಯುತ್ತ ಅವಳ ಬೆರಳ ಹತ್ತಿರ ಬರುತ್ತಿತ್ತು. ತಗಲುವಷ್ಟರಲ್ಲಿ ಒಂದು ತಂತಿ ಮುಗಿಯುತ್ತಿತ್ತು.

"ಕಿವಿ ಹಿಂಡೋದು ಮೇಷ್ಟ್ರ ಕೆಲಸ. ಇಲ್ಲಿ ನೀವು ಹಿಂಡ್ತಿದೀರಿ," ಎಂದರು.

"ಹಿಂಡಬೇಕಾದ ಕಿವಿ ಇದಲ್ಲ ಅಂತ ಕಾಣುತ್ತೆ."

"ಯಾರದು ಮತ್ತೆ?"

ಅವಳು ಕೊನೆಯ, ಎಲ್ಲಕ್ಕಿಂತ ತೆಳುವಾದ ತಂತಿಯ ಬಿರಡೆಯನ್ನು ಇನ್ನೊಂದು ಸುತ್ತು ತಿರುಗಿಸಿದಳು. "ಸಾಕೇನೋ," ಎಂದರು ಮೇಷ್ಟ್ರು. "ಇನ್ನೊಂಚೂರು," ಎಂದಳು ಅವಳು. ಫಟ್ಟನೆ ತಂತಿ ಹರಿದು ಅವಳ ಮುಂಗೈಗೆ ಬಡಿಯಿತು. ಕೆಂಪು ಗೆರೆ ಮೂಡುವ ಮೊದಲೇ ಅವರು ಆ ಕೈ ಹಿಡಿದುಕೊಂಡು, ಮಕ್ಕಳ ಗಾಯಕ್ಕೆ ಊದುವ ಹಾಗೆ ಉಫ್ ಉಫ್ ಎಂದು ಊದತೊಡಗಿದ್ದರು.

ಎರಡು ಸಲ ಊದಿದ ಮೇಲೆ ಇದು ಈಜು ಕಲಿಯುವ ಮಗುವಿನ ಕೈಯಲ್ಲವೆಂದು ಹೊಳೆಯಿತು. ಊದುವುದು ನಿಂತಿತು. ಕೈ ಬಿಡುವುದು ಮಾತ್ರ ತಡವಾಯಿತು.

"ಏನದು ಸದ್ದು?" ಕೆಳಗಿನಿಂದ ಅಮ್ಮನ ದನಿ.

"ತಂತಿ!" ಇಬ್ಬರೂ ಒಟ್ಟಿಗೇ ಕೂಗಿದರು.

"ಏನಾಯ್ತು ನಮ್ಮ ತಂತಿಗೆ?"

ಏನೋ ಆಗಿದ್ದಂತೂ ನಿಜ.

ಮರುದಿನ ಮೇಷ್ಟ್ರು ಹರಿದದ್ದಕ್ಕೆ ಬದಲಿ ತಂತಿ ತಂದರು, ಜೊತೆಗೆ ಅಂಗಡಿಯವರ ಮಾತೊಂದನ್ನೂ ತಂದರು. ಹೊಸ ತಂತಿ ಹಿಗ್ಗುತ್ತದಂತೆ. ಒಂದು ದಿನದಲ್ಲಿ ಹದಕ್ಕೆ ಬರುವುದಿಲ್ಲ, ದಿನವೂ ಶ್ರುತಿ ಮಾಡುತ್ತಿರಬೇಕಂತೆ. "ನನಗೋ ಕಿವಿ ತುಂಬ ನೀರು. ನೀವು ಬಂದ್ರೆ..." ಎಂದು ಮಾತು ಅಲ್ಲಿಗೇ ಬಿಟ್ಟರು. ಅವಳು ಆಗಲೇ ಕಾಲಿಗೆ ಚಪ್ಪಲಿ ಸಿಕ್ಕಿಸಿದ್ದಳು, ಮೇಲಿನ ಮನೆಗೆ ಹೋಗಲು ಚಪ್ಪಲಿ ಬೇಕೇ ಎಂದು ಅಮ್ಮ ಕೇಳುವವರೆಗೆ.

ಹೀಗೆ ಆ ವಾರ ದಿನವೂ ಸಂಜೆ, ತೆರೆದ ಬಾಗಿಲ ಎದುರು, ಅವರಿಬ್ಬರೂ ಗಿಟಾರಿನ ಎರಡು ಬದಿಗೆ ಕುಳಿತರು. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪಿನ ಮುಳ್ಳು ಹಸಿರಿಗೆ ಬರುವತನಕ ಅವಳು ಬಿರಡೆ ತಿರುಗಿಸುತ್ತಿದ್ದಳು. ಮೇಷ್ಟ್ರಿಗೆ ಒಟ್ಟಿಗೆ ಮೀಟುವ ಸ್ವರಗಳ ಎರಡೇ ಎರಡು ಕಾರ್ಡ್ ನೆನಪಿದ್ದವು. ಅವನ್ನೇ ಅವಳಿಗೆ ಕಲಿಸಿದರು. ಬೆರಳ ತುದಿ ಉರಿಯುತ್ತಿತ್ತು. ಹಗಲು ಲ್ಯಾಬಿನಲ್ಲಿ ಮೇಣದ ಹಲ್ಲು ತಿದ್ದುವಾಗ ಆ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವಳು. ನೋವು ಇದ್ದಲ್ಲೇ ಇರುತ್ತಿತ್ತು, ಮೈಯೆಲ್ಲ ಬೆಚ್ಚಗಾಗುತ್ತಿತ್ತು.

"ಯಾಕೆ ಬೇರೆಯಾದ್ರಿ?" ಒಂದು ಸಂಜೆ ಕೇಳಿಯೇಬಿಟ್ಟಳು.

"ಜಗಳ ಏನೂ ಇಲ್ಲ. ಅವಳು ಮಾತಾಡೋಳು, ನಾನು ಸುಮ್ನಿರ್ತಿದ್ದೆ. ಅವಳು ಇನ್ನಷ್ಟು ಮಾತಾಡಿದ್ಲು, ನಾನು ಇನ್ನಷ್ಟು ಸುಮ್ನಾದೆ. ಚಿಕ್ಕಂದಿನಿಂದ ನೀರೊಳಗೇ ಬೆಳೆದೋನು ನಾನು. ನೀರೊಳಗೆ ಬಾಯಿ ತೆಗೆದ್ರೆ ಮುಗೀತಲ್ಲ."

"ಈಗ ಅವರು ವಾಪಸ್ ಬಂದ್ರೆ?"

ಮೇಷ್ಟ್ರು ಗಿಟಾರಿನ ಬೆನ್ನಿನ ಧೂಳು ಒರೆಸಿದರು. ಧೂಳು ಇರಲಿಲ್ಲ. "ಬರ್ತಿರೋದು ಗಿಟಾರಿಗೆ," ಎಂದರು. ಅದು ಸಮಾಧಾನವೋ ನಿಟ್ಟುಸಿರೋ, ಅವಳಿಗೆ ಬಗೆಹರಿಯಲಿಲ್ಲ.

ವಾರದ ಕೊನೆಗೆ ತಂತಿಗಳು ಹಿಗ್ಗುವುದನ್ನು ನಿಲ್ಲಿಸಿದವು. ತಂತಿ ಮೀಟಿದ ತಕ್ಷಣ ಮುಳ್ಳು ಹಸಿರಿಗೆ ಬಂತು. ಅವಳಿಗೆ ಅಳು ಬರುವಷ್ಟಾಯಿತು. ಮೇಷ್ಟ್ರು ನೀರು ತರಲು ಒಳಹೋದಾಗ, ಕಳ್ಳಿಯ ಹಾಗೆ, ತೆಳು ತಂತಿಯ ಬಿರಡೆಯನ್ನು ಚೂರು ಸಡಿಲಿಸಿ ಬಂದಳು. ಮರುದಿನ ಹೋಗಿ ನೋಡಿದರೆ ತೆಳು ತಂತಿ ಮಾತ್ರವಲ್ಲ, ಅವಳು ಮುಟ್ಟದ ದಪ್ಪ ತಂತಿಯೂ ಸಡಿಲವಾಗಿತ್ತು.

"ಏನಿದು, ಇಷ್ಟು ಕೆಟ್ಟಿದೆ?"

"ತಂತೀದು ಅದೇ ಗುಣ ಇರ್ಬೇಕು," ಎಂದರು ಮೇಷ್ಟ್ರು, ಕಿಟಕಿಯ ಆಚೆ ನೋಡುತ್ತ.

ಭಾನುವಾರ ಅವಳು ಬಂದಳು, ಹೆಂಡತಿಯಾಗಿದ್ದವಳು. ಕತ್ತರಿಸಿದ ಚಿಕ್ಕ ಕೂದಲು, ಮೆಟ್ಟಿಲು ಹತ್ತುವಾಗಲೇ ನಗು. ಸ್ವಲ್ಪ ಹೊತ್ತಿನಲ್ಲಿ, ಕೆಳಗೆ ಬಟ್ಟೆ ಒಗೆಯುತ್ತಿದ್ದವಳಿಗೆ ಮೇಲಿನಿಂದ ಗಿಟಾರಿನ ನಾದ ಕೇಳಿತು. ಎರಡು ಕಾರ್ಡುಗಳ ಗುದ್ದಾಟವಲ್ಲ, ನಿಜವಾದ ನಾದ. ಅದೇ ತಂತಿಗಳು. ತನ್ನ ಕೈಯಾರೆ ಸುತ್ತಿದ ಸುತ್ತು, ಇನ್ನೊಬ್ಬಳ ಬೆರಳಿಗೆ ಹೇಗೆ ಬಾಯಿಬಿಟ್ಟು ಹಾಡುತ್ತಿದೆ! ಆ ಹೆಂಗಸಿನ ಮುಖದ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಬೆರಳುಗಳ ಮೇಲೆ ಆಯಿತು. ಹಾಡು ನಿಂತಿತು. ಮಾತು ಕೇಳಿತು, ಮತ್ತೆ ನಗು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅವಳು ಒಗೆದ ಬಟ್ಟೆಯನ್ನೇ ಮತ್ತೆ ನೀರಿಗೆ ಹಾಕಿದಳು.

ಇಳಿಯುವಾಗ ಆ ಹೆಂಗಸು ಕೆಳಗಿನ ಮನೆಯ ಬಾಗಿಲಲ್ಲಿ ನಿಂತಳು, ಬೆನ್ನಿಗೆ ಗಿಟಾರ್.

"ತಂತಿ ಸುತ್ತಿದ್ದು ನೀವಂತೆ?"

"ಹ್ಞೂಂ. ಮೊದಲನೇ ಸಲ. ತಪ್ಪಿದ್ರೆ..."

"ಒಂದು ಉಲ್ಟಾ ಸುತ್ತಿದೀರಿ. ಇರ್ಲಿ, ಚೆನ್ನಾಗೇ ನುಡೀತಿದೆ." ಒಂದು ಗಳಿಗೆ ಅವಳನ್ನೇ ನೋಡಿದಳು. "ಆ ಮನುಷ್ಯ ಮಾತಾಡಲ್ಲ, ಗೊತ್ತಲ್ಲ? ಇವತ್ತು ತಂತಿ ಹಾಕಿದ ಕಥೆನ ಅರ್ಧ ಗಂಟೆ ಹೇಳಿದ್ರು. ನನಗೆ ಆಶ್ಚರ್ಯ ಆಯ್ತು. ಬರ್ತೀನಿ."

ಅವಳು ಹೋದಳು, ಗಿಟಾರೂ ಹೋಯಿತು. ಮೇಲಿನ ಮನೆಗೆ ಹೋಗಲು ಇದ್ದ ಒಂದು ನೆಪವೂ ಹೋಯಿತು.

ಮತ್ತೆ ಮೆಟ್ಟಿಲಲ್ಲಿ "ಗುಡ್ ಮಾರ್ನಿಂಗ್" ಶುರುವಾಯಿತು. ಆ ವಾರಕ್ಕೆ ಮೊದಲು ಅದು ಊಟದ ಹಾಗಿತ್ತು, ಈಗ ಬರೀ ಎಲೆಯ ಹಾಗಾಯಿತು. ಒಂದು ಬೆಳಿಗ್ಗೆ ಮೇಷ್ಟ್ರು ನಿಂತರು, ಬಾಯಿ ತೆರೆದರು, "ಬಿಸಿಲು ಜೋರು," ಎಂದರು, ಇಳಿದುಹೋದರು. ಬೆರಳ ತುದಿಯ ಗಡಸು ದಿನದಿನಕ್ಕೆ ಮೆತ್ತಗಾಗುತ್ತಿತ್ತು. ಅದು ಪೂರಾ ಮಾಯವಾದರೆ ಆ ಸಂಜೆಗಳೆಲ್ಲ ಸುಳ್ಳಾಗುತ್ತವೇನೋ ಎಂದು ಅವಳು ಹೆದರಿ ಹೆದರಿ ಮುಟ್ಟಿ ನೋಡುವಳು.

ಅಮ್ಮ ಕೆಲಸದಿಂದ ನಿವೃತ್ತರಾಗುವವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಅಂದು ತಿಂಡಿಯ ತಟ್ಟೆ ಮುಂದಿಡುತ್ತ ಹೇಳಿದರು: "ಎರಡೂ ಕಡೆ ಫೋನ್ ಎತ್ಕೊಂಡು ಇಬ್ಬರೂ ಸುಮ್ನಿದ್ರೆ ನಾವು ಲೈನ್ ಕಟ್ ಮಾಡ್ತಿದ್ವಿ ಕಣೇ."

ಅವಳು ತಿಂಡಿ ಮುಗಿಸಿ ಕೆಲಸಕ್ಕೆ ಹೋದಳು. ಮಧ್ಯಾಹ್ನ ಲ್ಯಾಬಿನಲ್ಲಿ ಊಟದ ಬಿಡುವು ಸಿಕ್ಕಿದ್ದೇ ಏಪ್ರನ್ ಕಳಚಿ ಹೊರಟಳು. ಈಜುಕೊಳ ಎರಡು ಬೀದಿಯಾಚೆ. ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದಳು. ಒಂದೂ ಹೊಳೆಯದೆ ಗೇಟು ಬಂದೇಬಿಟ್ಟಿತು.

ಅದು ಅಜ್ಜಿಯಂದಿರ ತರಗತಿ. ಬಣ್ಣಬಣ್ಣದ ರಬ್ಬರ್ ಟೋಪಿ ತೊಟ್ಟ ಹಿರಿಯ ಹೆಂಗಸರು ಅಂಗಾತ ತೇಲುವುದನ್ನು ಕಲಿಯುತ್ತಿದ್ದರು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಮೇಷ್ಟ್ರು ಅವಳನ್ನು ಕಂಡು ಒಂದೇ ಉಸಿರಿಗೆ ಅಂಚಿಗೆ ಬಂದರು.

"ಏನಾಯ್ತು? ಅಮ್ಮ ಹುಷಾರಾಗಿದಾರಾ?"

"ಹುಷಾರಾಗಿದಾರೆ."

"ಮತ್ತೆ?"

"ಸುಮ್ನೆ ಬಂದೆ." ಅವಳು ಅಂಚಿಗೆ ಇನ್ನೊಂದು ಹೆಜ್ಜೆ ಬಂದಳು. "ಕಾರಣ ಹುಡುಕಿ ಹುಡುಕಿ ಸಾಕಾಯ್ತು. ಮನೇಲಿ ನಲ್ಲಿ ಸರಿ ಇದೆ, ಬಲ್ಬ್ ಉರೀತಿದೆ, ಏನೂ ಕೆಟ್ಟಿಲ್ಲ. ನಿಮ್ಮನ್ನ ನೋಡದೆ ಇರೋಕಾಗ್ತಿಲ್ಲ. ಕೆಟ್ಟಿರೋದು ಅದೊಂದೇ."

ಕೊಳದಲ್ಲಿ ಕಾಲು ಬಡಿಯುವ ಸದ್ದು ಒಮ್ಮೆಲೇ ನಿಂತಿತು. ನೀಲಿ ಟೋಪಿಯ ಅಜ್ಜಿ ಅಂಗಾತ ಮಲಗಿದ್ದಲ್ಲಿಂದಲೇ ಹೇಳಿದರು: "ನೀವು ಮಾತಾಡಿ ಮೇಷ್ಟ್ರೇ. ನಾವು ತೇಲ್ತಿರ್ತೀವಿ."

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಕೂದಲಿಂದ ನೀರು ಇಳಿದು ರೆಪ್ಪೆಯ ಮೇಲೆ ನಿಂತಿತು, ಒರೆಸಿಕೊಳ್ಳಲಿಲ್ಲ. ಅವಳು ಅಂಚಿನಲ್ಲಿ ಮಂಡಿಯೂರಿ ಕೂತಳು. "ಅವಸರ ಇಲ್ಲ," ಎಂದಳು ಮೆಲ್ಲಗೆ. "ನಿಧಾನಕ್ಕೆ ಹೇಳಿ."

"ಗಿಟಾರ್ ಹೋದ್ಮೇಲೆ ಮನೆ ಖಾಲಿ ಅನ್ನಿಸ್ತು," ಎಂದರು ಕೊನೆಗೆ. "ಇಷ್ಟು ವರ್ಷ ಬೀರು ಮೇಲೆ ಬಿದ್ದಿದ್ದಾಗ ಅದರ ನೆನಪೇ ಇರಲಿಲ್ಲ. ಈಗ ಯಾಕೆ ಹೀಗೆ ಅಂತ ಯೋಚಿಸಿದೆ. ಖಾಲಿ ಆಗಿದ್ದು ಗಿಟಾರಿಂದ ಅಲ್ಲ..."

ನೀರಿನ ಬೆಳಕು ಅವರ ಕತ್ತಿನ ಮೇಲೆ ಆಡುತ್ತಿತ್ತು.

"ಅಲ್ಲ ಅಂದ್ರೆ? ಪೂರ್ತಿ ಹೇಳಪ್ಪ, ನನ್ನ ಕಾಲು ಮುಳುಗ್ತಿದೆ!" ಎಂದರು ಇನ್ನೊಬ್ಬ ಅಜ್ಜಿ.

"ನೀವು ಬರೋದು ನಿಂತಿದ್ರಿಂದ," ಮೇಷ್ಟ್ರು ಅವಳ ಕಣ್ಣನ್ನೇ ನೋಡುತ್ತ ಹೇಳಿದರು. ಈ ಸಲ ನೆಲವನ್ನೂ ನೋಡಲಿಲ್ಲ, ಕಿಟಕಿಯನ್ನೂ ಹುಡುಕಲಿಲ್ಲ. "ನಿಮ್ಮನ್ನ ಹೇಗೆ ಕರೀಬೇಕು ಅಂತ ಗೊತ್ತಾಗ್ಲಿಲ್ಲ. ಕರೆದ್ರೆ ಬರ್ತೀರಾ ಅನ್ನೋದೂ ಗೊತ್ತಿರಲಿಲ್ಲ."

ಅವಳು ಕೈ ಚಾಚಿದಳು. ನೀರಿನಲ್ಲಿ ನೆನೆದು ಸುಕ್ಕಾಗಿದ್ದ ಅವರ ಬೆರಳುಗಳು ಅವಳ ಬೆರಳುಗಳ ನಡುವೆ ಒಂದೊಂದಾಗಿ ಬಂದು ಕೂತವು. ಅವಳ ತೋಳು ಮೊಣಕೈಯವರೆಗೆ ಒದ್ದೆಯಾಯಿತು. ಹಿಂದಿನಿಂದ ಅಜ್ಜಿಯಂದಿರ ನಗು, ನೀರಿನ ಸಪ್ಪಳ.

"ಸಂಜೆ ಬರ್ತೀರಾ?"

"ಏನಾದ್ರೂ ಕೆಲಸ ಇದೆಯಾ?"

ಓರೆ ಕೋರೆಹಲ್ಲು ಪೂರಾ ಕಾಣುವ ಹಾಗೆ ಮೇಷ್ಟ್ರು ನಕ್ಕರು.

"ಇಲ್ಲ. ಸುಮ್ನೆ."