ಗೋಪುರದ ಮೂರು ಚೌಕ

"ಐವತ್ತೇಳು!" ಎಂದು ಕೂಗಿದ ಚಿಟಕಿ, ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತು ಗೋಡೆಯ ಚಾರ್ಟಿಗೆ ಕೆಂಪು ಸ್ಕೆಚ್ ಪೆನ್ ಹಚ್ಚಿದಳು.

"ಯಾರ್ದು?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಟೈಲರ್ ಅಕ್ಕಂದು! ಅವರ ಎದುರುಮನೆಯವರು ಒಂದು ಬಾಟಲಿ ತಗೊಂಡ್ರಂತೆ. ಇನ್ನೂ ಲೈನಲ್ಲೇ ಇದ್ದಾರೆ."

ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದು ಫೋನ್ ಕಿತ್ತುಕೊಂಡಳು. "ಭೇಷ್ ಅಕ್ಕ! ಬೆಲ್ ಒತ್ತೋಕೇ ಕೈ ನಡುಗುತ್ತೆ ಅಂತಿದ್ರಲ್ಲ ಹೋದ ತಿಂಗಳು! ಈಗ ನೋಡಿ! ನೀವೇನು ಸಾಮಾನ್ಯದವರಾ?"

ಆ ಕಡೆಯಿಂದ ಟೈಲರ್ ಅಕ್ಕ ನಾಚಿಕೊಂಡು ನಕ್ಕಿದ್ದು ಚಿಟಕಿಗೂ ಕೇಳಿಸಿತು.

ಚಿಟಕಿ ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ಚಿಟಕಿಯಷ್ಟೇ ಇದ್ದಳಂತೆ, ಅದಕ್ಕೆ ಆ ಹೆಸರು. ಈಗ ಐದನೇ ಕ್ಲಾಸು. ಹೆಸರು ಮಾತ್ರ ಬೆಳೆಯಲೇ ಇಲ್ಲ.

ಅಮ್ಮ ನೆಲ ಒರೆಸುವ ಲಿಕ್ವಿಡ್ ಮಾರುತ್ತಾಳೆ. ಅಂಗಡಿ ಇಟ್ಟು ಅಲ್ಲ, ಮನೆಮನೆಗೆ ಹೋಗಿ. ಅವಳ ಕೆಳಗೆ ಐದು ಜನರ ಟೀಮ್ ಇದೆ. ಟೈಲರ್ ಅಕ್ಕ ಇದ್ದಾರೆ, ನರ್ಸ್ ಆಂಟಿ ಇದ್ದಾರೆ, ಇನ್ನೂ ಮೂವರು. ಹೊಸದಾಗಿ ಒಂದು ಮನೆಯವರು ಬಾಟಲಿ ಕೊಂಡರೆ ಚಾರ್ಟಿನಲ್ಲಿ ಒಂದು ಚೌಕ ತುಂಬಬೇಕು. ಚೌಕದ ಮೇಲೆ ಚೌಕ ಸೇರಿ ಗೋಪುರ. ತಿಂಗಳಿಗೆ ಅರವತ್ತು ಮನೆಯಾದರೆ ಗೋಪುರ ತುಂಬಿತು. ಆಗ ಅಮ್ಮನನ್ನು ದೊಡ್ಡ ಹಾಲಿನಲ್ಲಿ ಸ್ಟೇಜಿಗೆ ಕರೆದು ಬ್ಯಾಡ್ಜ್ ಹಾಕುತ್ತಾರೆ.

ಟೀಮಿನವರು ಆರ್ಡರನ್ನು ಆಫೀಸಿಗೆ ತಾವೇ ಕಳಿಸಿ, ಚಿಟಕಿಯ ಮನೆಗೂ ಒಂದು ಫೋನ್ ಮಾಡುತ್ತಾರೆ. ಫೋನ್ ಎತ್ತುವುದು, ಚೌಕ ತುಂಬುವುದು ಚಿಟಕಿಯ ಕೆಲಸ. ಅಮ್ಮ ಎಣಿಸುವುದಿಲ್ಲ. "ನನ್ನ ಆಫೀಸರ್ ಇದ್ದಾಳಲ್ಲ" ಎನ್ನುತ್ತಾಳೆ.

ಅಮ್ಮ ಟೀಮಿನ ಒಬ್ಬರನ್ನೂ ಬಿಡದೆ ಹೊಗಳುತ್ತಾಳೆ. ವಾರವಿಡೀ ಒಂದೂ ಬಾಟಲಿ ಮಾರದ ನರ್ಸ್ ಆಂಟಿಗೂ, "ನಾಲ್ಕು ಬಾಗಿಲು ತಟ್ಟಿದ್ರಲ್ಲ ಆಂಟಿ, ಅದೇನು ಕಡಿಮೆನಾ?" ಎನ್ನುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ಚಿಟಕಿಗೆ ತಾನೂ ಆ ಟೀಮಿನಲ್ಲಿ ಇರಬೇಕಿತ್ತು ಅನ್ನಿಸುತ್ತದೆ. ಫೋನ್ ಇಟ್ಟ ಮೇಲೆ ಅಮ್ಮ ಮಾತು ಮುಗಿದವಳ ಹಾಗೆ ಗೋಡೆಗೆ ಒರಗಿ ಸುಮ್ಮನೆ ಕೂರುತ್ತಾಳೆ. ಒಳ್ಳೆಯದೆಲ್ಲ ಹೊರಗಿನವರಿಗೆ ಬಡಿಸಿಯಾಯಿತು, ತನಗೆ ಪಾತ್ರೆಯ ತಳ ಮಾತ್ರ ಎಂದು ಚಿಟಕಿಗೆ ದುಃಖವಾಗುತ್ತದೆ.

ಆದರೆ ಈ ಸಲ ಅಮ್ಮ ಮಾತು ಕೊಟ್ಟಿದ್ದಳು. "ಗೋಪುರ ತುಂಬಿ ಶನಿವಾರ ಬ್ಯಾಡ್ಜ್ ಸಿಕ್ಕಿದ್ರೆ, ಭಾನುವಾರ ಪೂರ್ತಿ ನಿನ್ನದು. ಫೋನ್ ಆಫ್. ಬ್ಯಾಗ್ ಮಂಚದ ಕೆಳಗೆ."

"ಪೂರ್ತಿ ಅಂದ್ರೆ?"

"ಬೆಳಗ್ಗೆ ಹಲ್ಲುಜ್ಜೋದ್ರಿಂದ ಹಿಡಿದು ರಾತ್ರಿ ಮಲಗೋವರೆಗೆ."

ಚಿಟಕಿಗೆ ಸರ್ಕಸ್ಸೂ ಬೇಡ, ಸಿನಿಮಾನೂ ಬೇಡ. ಮಧ್ಯಾಹ್ನ ಚಾಪೆ ಹಾಸಿ, ಅಮ್ಮನ ಪಕ್ಕ ಅಂಗಾತ ಮಲಗಿ, ತಿರುಗುವ ಫ್ಯಾನ್ ನೋಡುತ್ತ ಸುಮ್ಮನೆ ಹರಟೆ ಹೊಡೆಯಬೇಕು. ಮುಂಚೆ ಹಾಗೆ ಮಾಡುತ್ತಿದ್ದರು. ಅಪ್ಪ ಲಾರಿ ತೆಗೆದುಕೊಂಡು ದೂರ ಹೋದಾಗಲೆಲ್ಲ ಮನೆಯಲ್ಲಿ ಅವರಿಬ್ಬರೇ ಇರುತ್ತಿದ್ದರು.

ಗುರುವಾರ ಸಂಜೆ. ಶುಕ್ರವಾರ ತಿಂಗಳ ಲೆಕ್ಕದ ಕೊನೆಯ ದಿನ. ಅಮ್ಮ ಫೋನ್ ಮನೆಯಲ್ಲೇ ಬಿಟ್ಟು ಹೊರಗೆ ಹೋಗಿದ್ದಳು. ಚಿಟಕಿ ಫೋನಿನ ಎದುರಿಗೇ ಹೋಮ್‌ವರ್ಕ್ ಇಟ್ಟುಕೊಂಡು ಕೂತಳು. ಐದಾಯಿತು, ಆರಾಯಿತು. ಒಂದು ಫೋನೂ ಬರಲಿಲ್ಲ. ಗೋಪುರದ ತುದಿಯಲ್ಲಿ ಮೂರು ಚೌಕ ಬಿಳಿಯಾಗಿಯೇ ಇದ್ದವು.

ನಾಳೆ ಯಾರಾದರೂ ಫೋನ್ ಮಾಡೇ ಮಾಡುತ್ತಾರೆ ಎಂದುಕೊಂಡಳು. ಹೇಗಿದ್ದರೂ ತುಂಬುವುದೇ ತಾನೆ? ಒಂದು ದಿನ ಮುಂಚೆ ತುಂಬಿದರೆ ಆಕಾಶವೇನು ಕಳಚಿ ಬೀಳುತ್ತದೆ?

ಕುರ್ಚಿ ಎಳೆದುಕೊಂಡು ಹತ್ತಿದಳು. ಸರ್, ಸರ್, ಸರ್. ಮೂರೂ ಕೆಂಪಾದವು.

ಅಮ್ಮ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ! ತುಂಬಿಬಿಡ್ತಾ? ಯಾರ್ಯಾರೇ ಮಾಡಿದ್ದು?"

"ಮೂರು ಜನ... ಒಬ್ಬೊಬ್ರು ಒಂದೊಂದು" ಎಂದಳು ಚಿಟಕಿ.

ಅಮ್ಮ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಆಮೇಲೆ ಅಮ್ಮ, ಚಿಟಕಿ ಕನಸಲ್ಲೂ ಎಣಿಸದ ಕೆಲಸ ಮಾಡಿದಳು. ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿದಳು: "ಗೋಪುರ ತುಂಬಿತು! ನಾಳೆ ಯಾರೂ ಎಲ್ಲೂ ಹೋಗಬೇಡಿ. ಆರಾಮಾಗಿ ರೆಸ್ಟ್ ತಗೊಳ್ಳಿ."

ಹಾಗಾಗಿ ಶುಕ್ರವಾರ ಯಾರೂ ಎಲ್ಲೂ ಹೋಗಲಿಲ್ಲ. ಫೋನ್ ಬೆಳಗಿನಿಂದ ಸಂಜೆಯವರೆಗೂ ತಣ್ಣಗೆ ಬಿದ್ದಿತ್ತು. ನಿಜ ಹೇಳಬೇಕೆಂದು ಚಿಟಕಿ ಎರಡು ಸಲ ಅಮ್ಮನ ಹತ್ತಿರ ಹೋದಳು. ಎರಡು ಸಲವೂ ಅಮ್ಮ ಕನ್ನಡಿಯ ಮುಂದೆ ನಿಂತು, "ಎಲ್ಲರಿಗೂ ನಮಸ್ಕಾರ, ಇದು ನನ್ನೊಬ್ಬಳ ಗೆಲುವಲ್ಲ" ಎಂದು ಸ್ಟೇಜ್ ಮಾತು ಕಲಿಯುತ್ತಿದ್ದಳು.

ಶನಿವಾರ ಹಾಲಿನಲ್ಲಿ ಜನವೋ ಜನ. ಸ್ಟೇಜಿನ ಮೇಲೆ ಲೀಡರ್ ಮೇಡಂ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದರು. ಅಮ್ಮನಿಗೂ, ಇನ್ನೆಷ್ಟೋ ಟೀಮುಗಳಿಗೂ ಅವರೇ ಮೇಲಿನವರು. ಒಂದೊಂದು ಹೆಸರು ಕರೆದಾಗಲೂ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಬೇಕರಿ ಅಂಕಲ್ ಒಬ್ಬರು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಸ್ಟೇಜ್ ಹತ್ತಿದರು.

ಅವರಿಗೆ ಬ್ಯಾಡ್ಜ್ ಹಾಕಿದ ಮೇಡಂ, ಸುರುಳಿ ಸುತ್ತಿದ ಹೊಸ ಚಾರ್ಟೊಂದನ್ನು ಕೈಗಿಟ್ಟು ಮೈಕಿನಲ್ಲಿ ಕೇಳಿದರು, "ಮುಂದಿನ ಗುರಿ?"

"ನೂರಾ ಇಪ್ಪತ್ತು!" ಎಂದಿತು ಇಡೀ ಹಾಲ್.

ಚಿಟಕಿ ಅಮ್ಮನ ಕಿವಿಯಲ್ಲಿ ಕೇಳಿದಳು, "ಅಮ್ಮ, ಗೋಪುರ ತುಂಬಿದ್ರೆ ಇನ್ನೂ ದೊಡ್ಡ ಗೋಪುರ ಕೊಡ್ತಾರಾ?"

"ಹೂಂ."

"ಅದು ತುಂಬಿದ್ರೆ?"

ಅಷ್ಟರಲ್ಲಿ ಮೇಡಂ, "ಈ ತಿಂಗಳ ಪಟ್ಟಿ ಮುಗೀತು" ಎಂದರು.

ಅಮ್ಮ ಆಗಲೇ ಅರ್ಧ ಎದ್ದು ನಿಂತಿದ್ದಳು. ಹಿಂದಿನ ಸಾಲಿನಲ್ಲಿ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದ ಟೈಲರ್ ಅಕ್ಕ ಕತ್ತು ಚಾಚಿದರು. ಅಮ್ಮ ಸ್ಟೇಜಿನ ಹತ್ತಿರ ಹೋಗಿ ಮೆಲ್ಲಗೆ ಏನೋ ಕೇಳಿದಳು. ಮೇಡಂ ಮೈಕ್ ಆರಿಸುವುದನ್ನು ಮರೆತಿದ್ದರು.

"ಐವತ್ತೇಳೇ ಇದೆ ನಿಮ್ದು. ಮೂರು ಮನೆ ಕಡಿಮೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿಟಕಿ ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಮೇಡಂ ಒಳ್ಳೆಯವರೇ. "ನಾಳೆ ಸಂಜೆ ಆರರವರೆಗೆ ಆಫೀಸ್ ತೆಗೆದಿರುತ್ತೆ. ಮೂರು ಮನೆ ತಾನೆ? ಮುಗಿಸಿಬಿಡಿ, ಬ್ಯಾಡ್ಜ್ ಎತ್ತಿಟ್ಟಿರ್ತೀನಿ" ಎಂದರು.

ಹೊರಗೆ ನೀರಿನ ನಲ್ಲಿಯ ಹತ್ತಿರ ಚಿಟಕಿಗೆ ತಡೆಯಲಾಗಲಿಲ್ಲ. "ಅಮ್ಮ, ಆ ಮೂರು ಚೌಕಕ್ಕೆ ಯಾರೂ ಫೋನ್ ಮಾಡಿರ್ಲಿಲ್ಲ. ನಾನೇ ತುಂಬಿದೆ."

ಅಮ್ಮ ಅವಳನ್ನೇ ನೋಡಿದಳು. "ಯಾಕೆ?"

"ಭಾನುವಾರಕ್ಕೆ."

ಒಂದು ಏಟು ಬೀಳುತ್ತದೆ ಎಂದುಕೊಂಡಿದ್ದಳು. ಬಿದ್ದಿದ್ದರೆ ಹಗುರಾಗುತ್ತಿತ್ತೇನೋ. ಅಮ್ಮ ನಲ್ಲಿ ತಿರುಗಿಸಿ ಎರಡು ಬೊಗಸೆ ನೀರು ಕುಡಿದಳು, ಅಷ್ಟೆ. ಆಮೇಲೆ ಟೀಮಿನವರು ನಿಂತಿದ್ದ ಕಡೆ ನಡೆದಳು.

"ತಪ್ಪು ನಂದೇ" ಎಂದಳು ಅವರಿಗೆ. "ನಾನು ಎಣಿಸ್ಲೇ ಇಲ್ಲ. ಗೋಪುರ ತುಂಬಿದೆ ಅಂತ ನಿಮ್ಮನ್ನೆಲ್ಲ ಕೂರಿಸಿಬಿಟ್ಟೆ."

"ಹೋಗ್ಲಿ ಬಿಡಿ" ಎಂದರು ಟೈಲರ್ ಅಕ್ಕ, ತಮ್ಮ ಹೊಸ ಬಟ್ಟೆ ಸವರಿಕೊಳ್ಳುತ್ತ. "ಇದನ್ನ ಮುಂದಿನ ತಿಂಗಳೂ ಹಾಕ್ಕೊಂಡು ಬರಬಹುದು. ನಾನೇ ಹೊಲಿದಿದ್ದು, ಬೇಗ ಹರಿಯಲ್ಲ. ನಾಳೆ ನಾವೂ ಬರ್ತೀವಿ."

"ಬೇಡ ಅಕ್ಕ. ಕಳೆದದ್ದು ನಾನು, ಹುಡುಕೋದೂ ನಾನೇ."

ಅಮ್ಮ ಚಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಚಿಟಕಿಗೆ ಅಳು ಉಕ್ಕಿ ಬಂತು.

ಭಾನುವಾರ ಹೀಗೆ ಬಂತು. ಫೋನ್ ಆಫ್ ಆಗಿರಲಿಲ್ಲ, ಬ್ಯಾಗ್ ಮಂಚದ ಕೆಳಗಿರಲಿಲ್ಲ.

"ನೀನು ಮನೇಲಿರು" ಎಂದಳು ಅಮ್ಮ.

"ಇಲ್ಲ, ನಾನೂ ಬರ್ತೀನಿ. ಬ್ಯಾಗಿನ ಒಂದು ಹಿಡಿ ನಾನು ಹಿಡ್ಕೋತೀನಿ."

ಇಬ್ಬರೂ ಒಂದೊಂದು ಹಿಡಿ ಹಿಡಿದು ನಡೆದರು. ಬ್ಯಾಗಿನಲ್ಲಿ ಬಾಟಲಿಗಳು, ಒಂದು ಬಿಳಿ ಟೈಲ್ಸ್ ತುಂಡು, ಒಂದು ಇಂಕ್ ಸೀಸೆ, ಒಂದು ಬಟ್ಟೆ. ಟೈಲ್ಸ್ ಮೇಲೆ ಇಂಕ್ ಚೆಲ್ಲಿ, ಎರಡು ಹನಿ ಲಿಕ್ವಿಡ್ ಹಾಕಿ ಒರೆಸಿ ತೋರಿಸಬೇಕು. ಕಲೆ ಮಾಯ.

ಮೊದಲನೇ ಬಾಗಿಲು. ಬೆಲ್ ಒತ್ತುವ ಮುಂಚೆ ಅಮ್ಮ ಕೂದಲು ಸರಿ ಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು, ನಕ್ಕಳು. ಬಾಗಿಲು ಇನ್ನೂ ತೆಗೆದೇ ಇರಲಿಲ್ಲ, ನಗು ಮಾತ್ರ ತಯಾರಾಗಿ ನಿಂತಿತ್ತು.

"ಬೇಡಮ್ಮ, ಇದೆ ನಮ್ಮ ಹತ್ರ." ಬಾಗಿಲು ಮುಚ್ಚಿತು. ನಗುವೂ ಇಳಿಯಿತು.

ಎರಡನೇ ಬಾಗಿಲಲ್ಲಿ ನಾಯಿ ಬೊಗಳಿತು. ಮೂರನೆಯದರಲ್ಲಿ ಒಳಗೆ ಟಿವಿ ಸದ್ದು ಕೇಳುತ್ತಿದ್ದರೂ ಯಾರೂ ಬರಲಿಲ್ಲ. ನಾಲ್ಕನೆಯ ಮನೆಯ ಅಜ್ಜ ಅರ್ಧ ಗಂಟೆ ತಮ್ಮ ಮಂಡಿನೋವಿನ ಕತೆ ಹೇಳಿ, "ನನ್ನ ಸೊಸೆ ಬಂದ್ಮೇಲೆ ಬನ್ನಿ" ಎಂದರು. ಒಂದೊಂದು ಕಡೆಯೂ ಅಮ್ಮನ ನಗು ಏರಿತು, ಇಳಿಯಿತು, ಮುಂದಿನ ಬಾಗಿಲಿಗೆ ಮತ್ತೆ ಏರಿತು.

ಒಂಬತ್ತನೇ ಮನೆಯಲ್ಲಿ ಒಬ್ಬರು ಆಂಟಿ ಮಗುವನ್ನು ಎತ್ತಿಕೊಂಡು ಬಂದರು. ಚಿಟಕಿ ಟೈಲ್ಸ್ ಮೇಲೆ ಇಂಕ್ ಚೆಲ್ಲಿದ್ದೇ ತಡ, ಮಗು ಬಗ್ಗಿ ಅದರಲ್ಲಿ ಕೈ ಅದ್ದಿ ಗೋಡೆಗೆ ಬಡಿಯಿತು. ಗೋಡೆಯ ಮೇಲೆ ಐದು ನೀಲಿ ಬೆರಳು!

ಅಮ್ಮ "ಅಯ್ಯಯ್ಯೋ" ಎನ್ನುತ್ತ ಲಿಕ್ವಿಡ್ ಹಾಕಿ ಉಜ್ಜಿಯೇ ಉಜ್ಜಿದಳು. ನಾಲ್ಕು ಬೆರಳು ಹೋದವು, ಹೆಬ್ಬೆರಳು ಉಳಿಯಿತು. ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂದು ಕೊಡಿ ಮಾರಾಯ್ರೆ. ಇವನಿದ್ದ ಮೇಲೆ ನನಗೆ ಬೇಕೇ ಬೇಕಾಗುತ್ತೆ."

ಐವತ್ತೆಂಟು.

ಐವತ್ತೊಂಬತ್ತು ಆಗುವಷ್ಟರಲ್ಲಿ ನಾಲ್ಕು ಗಂಟೆ. ಅದು ಹತ್ತೊಂಬತ್ತನೇ ಬಾಗಿಲು. ಒಂದು ಚೌಕ ಎಂದರೆ ಇಷ್ಟು ಮೆಟ್ಟಿಲು, ಇಷ್ಟು ಬಾಗಿಲು, ಇಷ್ಟು ಸಲ 'ಬೇಡಮ್ಮ' ಎಂದು ಚಿಟಕಿಗೆ ಗೊತ್ತೇ ಇರಲಿಲ್ಲ. ಮೂರನ್ನು ತುಂಬಲು ಅವಳಿಗೆ ಹಿಡಿದದ್ದು ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು.

ಅರವತ್ತನೆಯ ಮನೆ ಸಿಗಲೇ ಇಲ್ಲ.

ನಾಲ್ಕು ಮಹಡಿಯ ಕಟ್ಟಡವೊಂದರ ಕೊನೆಯ ಬಾಗಿಲೂ ಮುಚ್ಚಿದಾಗ ಆರಕ್ಕೆ ಐದು ನಿಮಿಷ. ಅಮ್ಮ ಮೆಟ್ಟಿಲ ಮೇಲೆ ಕೂತು ಮೇಡಂಗೆ ಫೋನ್ ಮಾಡಿದಳು. ಮೇಡಂ ದನಿ ದೊಡ್ಡದು, ಚಿಟಕಿಗೂ ಕೇಳಿಸಿತು.

"ಒಂದು ತಾನೆ? ನಿಮ್ಮ ಯಾರಾದ್ರೂ ನೆಂಟರ ಮನೆ ಹೆಸರು ಬರ್ಸಿಬಿಡಿ. ಎಲ್ರೂ ಮಾಡ್ತಾರೆ."

ಅಮ್ಮ ಚಿಟಕಿಯನ್ನು ನೋಡಿದಳು. "ಬೇಡ ಮೇಡಂ. ಐವತ್ತೊಂಬತ್ತು ಅಂದ್ರೆ ಐವತ್ತೊಂಬತ್ತೇ" ಎಂದು ಫೋನ್ ಇಟ್ಟಳು.

ಮೇಲಿನಿಂದ ಯಾರೋ ಅಂಕಲ್ ಇಳಿದು ಬಂದರು. ಅಮ್ಮ ತಟ್ಟನೆ ನೆಟ್ಟಗೆ ಕೂತು, ದಾರಿ ಬಿಟ್ಟು, ನಕ್ಕಳು. ಅವರು ದಾಟಿ ಹೋದರು. ಅಮ್ಮ ಮತ್ತೆ ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ತುಟಿ ಒಣಗಿತ್ತು. ಕೆನ್ನೆಗೆ ಇಂಕ್ ಹತ್ತಿತ್ತು.

ಚಿಟಕಿ ಆ ಮುಖವನ್ನೇ ನೋಡುತ್ತ ಕೂತಳು. ದಿನಾ ಸಂಜೆ ಮನೆಯಲ್ಲಿ ನೋಡುವ ಮುಖ ಇದೇ. ಇವತ್ತು ಇಪ್ಪತ್ತಾರು ಬಾಗಿಲು ತೆರೆದಿದ್ದವು, ನಿನ್ನೆ ಹಾಲಿನಲ್ಲಿ ಅಷ್ಟೊಂದು ಜನ ಇದ್ದರು. ಅವರಲ್ಲಿ ಒಬ್ಬರೂ ಇದನ್ನು ನೋಡಿರಲಿಲ್ಲ. ಅವರಿಗೆಲ್ಲ ನಗು ಸಿಕ್ಕಿತ್ತು. ಸುಸ್ತಾದ ಅಮ್ಮ ಸಿಕ್ಕಿದ್ದು ಅವಳೊಬ್ಬಳಿಗೇ.

ಅವಳು ಬ್ಯಾಗನ್ನು ಆಚೆ ತಳ್ಳಿ, ಅಮ್ಮನಿಗೆ ಅಂಟಿಕೊಂಡು ಕೂತಳು.

"ಹೋಗೋಣ್ವಾ?" ಕಣ್ಣು ತೆರೆಯದೆ ಕೇಳಿದಳು ಅಮ್ಮ. "ನಿನ್ನ ಭಾನುವಾರ ಎಲ್ಲ ಹಾಳಾಯ್ತು."

"ಇನ್ನೂ ಮುಗಿದಿಲ್ಲ."

ಮೇಲಿನ ಮಹಡಿಯಲ್ಲಿ ಮತ್ತೊಂದು ಬಾಗಿಲು ತೆರೆದ ಸದ್ದಾಯಿತು. ಚಪ್ಪಲಿಗಳು ಇಳಿದು ಬರತೊಡಗಿದವು. ಅಮ್ಮ ಏಳಲು ಹೊರಟಳು. ಚಿಟಕಿ ಅವಳ ತೋಳು ಹಿಡಿದು ಕೂರಿಸಿದಳು.

"ನೀನು ಹೀಗೇ ಇರಮ್ಮ" ಎಂದಳು. "ಅವರಿಗೆ ನಾನು ನಗ್ತೀನಿ."